ಉಸಿರೆತ್ತದೆ

ಲಾ ಪಾಸ್‌ನಲ್ಲಿ ಮೊದಲ ಬೆಳಗು.
ವಸತಿಗೃಹದ ಒಡತಿ ದೋನ್ಯಾ ಎಫ್ರೋನಿಯಾ
ಕೋಕಾ ಎಲೆಯ ಕಷಾಯ ಕೈಗಿಟ್ಟು ಬೆರಳೆತ್ತಿದಳು:
ಕಮ್ಮಿ ತಿನ್ನು, ಮೆಲ್ಲಗೆ ನಡಿ,
ಒಬ್ಬಳೇ ಮಲಗು.
ಕೊನೆಯದನ್ನು ಹತ್ತು ವರ್ಷದಿಂದ
ಪಾಲಿಸುತ್ತಲೇ ಇದ್ದೇನೆ ತಾಯಿ, ಅನ್ನಲು ಹೋದೆ.
ಅಷ್ಟು ಉದ್ದದ ಮಾತಿಗೆ ದಮ್ಮು ಸಾಲಲಿಲ್ಲ.

ಸಗಾರ್ನಾಗ ಬೀದಿಯ ಏರು.
ಹನ್ನೆರಡು ಹೆಜ್ಜೆ, ನಿಂತೆ. ಒಂಬತ್ತು ಹೆಜ್ಜೆ, ನಿಂತೆ.
ಬೆನ್ನಿಗೆ ಪಟ್ಟೆಪಟ್ಟೆ ಗಂಟು ಬಿಗಿದ ಹೆಂಗಸರು
(ಒಳಗಿರುವುದು ಆಲೂಗಡ್ಡೆಯೋ ಕೂಸೋ)
ನೆತ್ತಿಯ ಪುಟ್ಟ ಟೋಪಿ ಕದಲದ ಹಾಗೆ
ನನ್ನ ದಾಟಿ ಹೋದರು,
ಜಗಳವಾಡುತ್ತಾ ಹೋದರು.
ಜಗಳಕ್ಕೂ ಮಿಗುವಷ್ಟು ಗಾಳಿ ಎದೆಯೊಳಗೆ!

ಚರ್ಚಿನ ಮೆಟ್ಟಿಲ ಬುಡದಲ್ಲಿ ಬೂಟು ಪಾಲಿಶಿನವನು.
ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಉಣ್ಣೆಯ ಮುಸುಕು.
ಈ ಊರಲ್ಲಿ ಇವರು ಹೀಗೇ ಅಂತೆ,
ನೆರೆಮನೆಗೆ, ಕಾಲೇಜಿಗೆ ಗುರುತು ಹತ್ತಬಾರದು.
ನನ್ನ ಕಾಲಲ್ಲಿ ಕ್ಯಾನ್ವಾಸ್ ಬೂಟು. ನೋಡಿದ.
ನೀಲಿಗಟ್ಟಿದ ತುಟಿಯನ್ನೂ ನೋಡಿದ.
ಕುರ್ಚಿ ಎಳೆದ: ಕೂರಿ ಸೆನ್ಯೋರಾ,
ಉಸಿರಿಗೂ ಅದೇ ರೇಟು.

ಕೂತೆ. ಭಾಷೆಯೆಂದರೆ
ನನ್ನ ಒಡಕು ಸ್ಪ್ಯಾನಿಷ್, ಅವನ ಕೈ.
ನಾಳೆ ಪರೀಕ್ಷೆ ಇದೆ ಎಂದ.
ನಾಳೆ ಅನ್ನುವಾಗ ಹೆಬ್ಬೆರಳು
ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಹೋಯಿತು.
ನಿನ್ನೆ ಅನ್ನುವಾಗ ಕೈ ಮುಂದೆ ಚಾಚಿತು,
ಬೀದಿಯ ತುದಿಗೆ ಹೊಳೆಯುವ ಹಿಮದ ಕಡೆ.
ಅವನ ಅಜ್ಜಿಯ ಐಮಾರದಲ್ಲಿ ಹಾಗಂತೆ:
ಕಂಡದ್ದು ಕಣ್ಣ ಮುಂದೆ,
ಕಾಣದ್ದು ಬೆನ್ನಿಗೆ.
ನಮ್ಮಲ್ಲಿ ಆಗಿಹೋದದ್ದೆಲ್ಲ ಹಿಂದೆ.
ಐವತ್ತೆಂಟು ವರ್ಷ
ತಿರುತಿರುಗಿ ನೋಡಿ
ಕತ್ತು ನೋಯಿಸಿಕೊಂಡೆನಲ್ಲ.

ಸಂಜೆ, ತಂತಿಗೆ ತೂಗುವ ಕೆಂಪು ಡಬ್ಬಿಯಲ್ಲಿ ಎಂಟು ಜನ.
ಎಲ್ ಆಲ್ಟೋಗೆ ಏರುತ್ತಿದ್ದೇವೆ.
ಇಲ್ಲಿ ಮೇಲಿನವರು ಅಂದರೆ ಬಡವರು;
ಹಣವಂತರೆಲ್ಲ ಕೆಳಗೆ, ತಗ್ಗಿನಲ್ಲಿ, ಗಾಳಿ ಸಿಗುವಲ್ಲಿ.
ಎದುರಿಗೊಬ್ಬ ಹುಡುಗ, ಇಸ್ತ್ರಿ ಅಂಗಿ,
ತೊಡೆಯ ಮೇಲೆ ಕಾನೂನಿನ ದಪ್ಪ ಪುಸ್ತಕ.
ಪಕ್ಕದ ಹುಡುಗಿ ಏನೋ ಕೇಳುತ್ತಾಳೆ, ನಗುತ್ತಾಳೆ,
ಅವನು ಪುಟ ತಿರುವುತ್ತಾನೆ.
ಉಗುರ ಸಂದಿಯಲ್ಲಿ ಕಪ್ಪು ಪಾಲಿಶು.

ನನ್ನ ಬೂಟು ನೋಡಿದ.
ಆಮೇಲೆ ನನ್ನನ್ನು.

ಕೆಳಗೆ ಇಟ್ಟಿಗೆ ಬಣ್ಣದ ಬಟ್ಟಲಿನಂಥ ಊರಿಗೆ
ಅಂಚಿನಿಂದ ದೀಪ ಹತ್ತಿಕೊಳ್ಳುತ್ತಿತ್ತು.
ಗಾಜಿನತ್ತ ತಿರುಗಿದೆ.
ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ
ಇದ್ದ ಚೂರು ಉಸಿರನ್ನೂ
ಎತ್ತದೆ ಕೂತೆ.