ನಾಲ್ಕು ಸದ್ದು

ಲೋಟ ಮುಟ್ಟಬೇಡ ಈಗಲೇ, ಡೆಕ್ಲನ್.
ಇನ್ನೂ ಹತ್ತು ನಿಮಿಷ ಹೂತಿರಲಿ ಹಿಮದಲ್ಲಿ,
ಹಿತ್ತಿಲ ಮೆಟ್ಟಿಲ ಪಕ್ಕ.
ಬ್ಯೂಟ್ ಊರಿನ ಜನವರಿಗೆ ಫ್ರಿಜ್ ಯಾಕೆ,
ಬಾಗಿಲು ತೆರೆದರೆ ಸಾಕು.

ಬಾಟಲಿ ಕೊಡು. ಮುಖದಿಂದ ದೂರ ಹಿಡಿ.
ಒಂಬತ್ತು ದಿನದ ಶುಂಠಿ ಬಿಯರು ಅದು.
ತುರಿದು ನೀರಿಗೆ ಹಾಕಿ, ದಿನಾ ಬೆಳಿಗ್ಗೆ
ಒಂದು ಚಮಚ ಸಕ್ಕರೆ ಉಣಿಸಿದ್ದೇನೆ, ಹಸುಗೂಸಿಗೆ ಉಣಿಸಿದ ಹಾಗೆ.
ಹೋದ ಸಲದ್ದು ನಡುರಾತ್ರಿ ನೆಲಮಾಳಿಗೆಯಲ್ಲಿ ಸಿಡಿಯಿತು.
ಪಕ್ಕದ ಮನೆಯ ಡೆಸಾ ನೈಟಿಯಲ್ಲೇ ಓಡಿ ಬಂದಳು:
‘ಐಲಿ, ಮತ್ತೆ ಗಣಿ ತೆರೆದರಾ?’
ಗೋಡೆ ಒರೆಸುತ್ತಾ ಇಬ್ಬರೂ ನಕ್ಕೆವು.
ಆಮೇಲೆ ನಗಲಿಲ್ಲ. ಸುಮ್ಮನೆ ಒರೆಸಿದೆವು.

ನಿಂಬೆ ಅರ್ಧ ಸಾಕು. ಹಸಿರಿನದೇ ಆಗಬೇಕು.
ಒಂದಕ್ಕೆ ಒಂದು ಡಾಲರ್ ಕೇಳಿದ ಅಂಗಡಿಯವ,
ದಾರಿಯೆಲ್ಲ ಹಿಮ ಅಂತ. ಕೊಟ್ಟೆ.
ಅಂಗೈಯಡಿ ಇಟ್ಟು ಮೇಜಿನ ಮೇಲೆ ಉರುಳಿಸು, ಮೆತ್ತಗಾಗಲಿ.

ತಾಮ್ರಕ್ಕೂ ಹುಳಿಗೂ ಆಗಿಬರೋದಿಲ್ಲ ಅನ್ನುತ್ತೀಯಾ?
ಲೋಟ ತಾ ಹಾಗಾದರೆ. ಕೈಗವಸು ಹಾಕಿಕೊ, ಅಂಟೀತು.
ಬಗ್ಗಿ ನೋಡು: ಒಳಗೆಲ್ಲ ಕಲಾಯಿ.
ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ನಿಂತರೆ ಏನಾಗುತ್ತದೆಂದು
ಊರ ತುದಿಯ ಆ ಗುಂಡಿಯನ್ನು ಕೇಳು.
ಬೆಟ್ಟವನ್ನು ತೋಡಿ ತೋಡಿ, ಪಂಪು ನಿಲ್ಲಿಸಿ ಹೋದರು.
ನೀರು ತಾನೇ ಏರಿತು, ತುಕ್ಕಿನ ಬಣ್ಣಕ್ಕೆ.
ಒಂದು ನವೆಂಬರಿನಲ್ಲಿ ಬಿಳಿ ಬಾತುಗಳ ಹಿಂಡು
ಕೆರೆಯೆಂದುಕೊಂಡು ಇಳಿಯಿತು.
ನಿಂಬೆ ಹಿಂಡು ನೀನು.

ಈಗ ವೋಡ್ಕಾ. ಅಳತೆ ಲೋಟ ಎಲ್ಲಿ ಹೋಯಿತೋ,
ನನ್ನ ಗಂಡನ ಕೆಮ್ಮಿನ ಔಷಧಿಯ ಮುಚ್ಚಳ ಇದೆ, ಎರಡು ಸಲ ಹಾಕು.
ಕೆಮ್ಮು ಹೋಯಿತು, ಅವನೂ ಹೋದ, ಮುಚ್ಚಳ ಉಳಿಯಿತು.
ವೋಡ್ಕಾಗೆ ರುಚಿಯಿಲ್ಲ, ವಾಸನೆಯಿಲ್ಲ,
ಬಾಯಿ ಮುಚ್ಚಿಕೊಂಡು ದುಡಿಯುವ ಆಳಿನ ಹಾಗೆ.
ಮಾತೆಲ್ಲ ಶುಂಠಿಯದು.

ಮಂಜುಗಡ್ಡೆ ಒಂದೊಂದೇ ಹಾಕು. ನನಗೆ ಕೇಳಿಸಬೇಕು.

ಟಣ್.
ಈ ಪಾನೀಯಕ್ಕೆ ಹೇಸರಗತ್ತೆಯ ಹೆಸರಿಟ್ಟವರು ಯಾರೋ,
ಒದೆತ ನೋಡಿ ಇಟ್ಟಿರಬೇಕು.

ಟಣ್.
ನನ್ನಜ್ಜ ಓಸ್ಕರಿ ಹೇಸರಗತ್ತೆ ಹೊಡೆಯುತ್ತಿದ್ದ,
ಸಾವಿರದಿನ್ನೂರು ಅಡಿ ಕೆಳಗೆ.
ಹಿಲ್ಯಾ ಅದರ ಹೆಸರು; ನಮ್ಮ ಫಿನ್ನಿಷ್ ಮಾತಿನಲ್ಲಿ, ಸದ್ದಿಲ್ಲದವಳು.
ಕಣ್ಣು ಕಟ್ಟಿ, ಕಾಲು ಕಟ್ಟಿ, ಹಗ್ಗದಲ್ಲಿ ತೂಗಿ ಇಳಿಸಿದ್ದರಂತೆ.
ಏಳು ವರ್ಷ ಸೂರ್ಯನನ್ನು ನೋಡಲಿಲ್ಲ ಅದು.

ಟಣ್.
ಅದಿರಿನ ಗಾಡಿಗಳಿಗೆ ಕೊಂಡಿ ಸಿಕ್ಕಿಸುವಾಗ
ಕಿವಿ ನಿಮಿರಿಸಿ ಎಣಿಸುತ್ತಿತ್ತು.
ನಾಲ್ಕು ಸದ್ದಾದರೆ ಹೊರಡುತ್ತಿತ್ತು.

ಟಣ್.
ಐದನೆಯದು ಕೇಳಿತೋ, ಇಲ್ಲ.
ಬೈದರೂ ಇಲ್ಲ, ಬಾರಿಸಿದರೂ ಇಲ್ಲ. ನಿಂತ ಕಲ್ಲು.
ಮೇಸ್ತ್ರಿ ಒಮ್ಮೆ ಐದನೇ ಕೊಂಡಿಗೆ ಗೋಣಿಚಿಂದಿ ಸುತ್ತಿ
ಸದ್ದಾಗದಂತೆ ಸಿಕ್ಕಿಸಿದ.
ಎರಡು ಹೆಜ್ಜೆ ಎಳೆಯಿತು. ನಿಂತಿತು.
ಶುಂಠ ಪ್ರಾಣಿ, ಅಂದ ಮೇಸ್ತ್ರಿ.
ಅಜ್ಜ ಆ ರಾತ್ರಿಯೇ ಹೋಗಿ ಯೂನಿಯನ್ನಿನ ಪುಸ್ತಕದಲ್ಲಿ
ಹೆಸರು ಬರೆಸಿದ.
ಅಕ್ಷರ ಬಾರದವನು. ಹೆಬ್ಬೆಟ್ಟು ಒತ್ತಿದ,
ಪಕ್ಕದಲ್ಲಿ ಒಂದು ಗೊರಸು ಬರೆದನಂತೆ. ಅದು ಸುಳ್ಳಿರಬಹುದು.

ಬೇಡ, ಆ ಐದನೆಯ ಗಡ್ಡೆ ತಟ್ಟೆಯಲ್ಲೇ ಕರಗಲಿ.
ಬಿಯರು ಸುರಿ, ಲೋಟ ಓರೆ ಮಾಡಿ, ನಿಧಾನ.
ಪುದೀನ ಬೇಕಿದ್ದರೆ ಡೆಸಾಳ ಕಿಟಕಿಯಲ್ಲಿ ಕುಂಡವಿದೆ.
ಗಾಜು ತಟ್ಟು, ಅವಳನ್ನೂ ಕರೆ,
ಅವಳ ಲೋಟ ಅವಳೇ ತರಲಿ.

ನೋಡು, ತಾಮ್ರ ಬೆವರುತ್ತಿದೆ,
ಪಾಳಿ ಮುಗಿಸಿ ಮೇಲೆ ಬಂದವರ ಕತ್ತಿನ ಹಾಗೆ.
ಕುಡಿ. ಮೊದಲು ತಣ್ಣಗೆ, ಆಮೇಲೆ ಒದೆಯುತ್ತದೆ.
ಎರಡರವರೆಗೆ ನಿನ್ನ ಜೊತೆ ನಾನೂ ಎಳೆಯುತ್ತೇನೆ.
ಮೂರನೆಯದಕ್ಕೆ ಕದಲುವವಳಲ್ಲ, ಈಗಲೇ ಹೇಳಿದ್ದೇನೆ.
ಚಿಂದಿ ಸುತ್ತಿ ಕೊಟ್ಟರೂ
ಗೊತ್ತಾಗುತ್ತದೆ ನನಗೆ.