ಪ್ರೆಸ್ ಅನ್ನೋತನಕ

ನಿನ್ನೆ ಯಾರದೋ ಲಗ್ನ ಆಗಿತ್ತು ಈ ಮಂಟಪದಾಗ,
ಆಳಂದ ನಾಕಾದ ಬದಿಗೆ.
ಕಂಬಕ್ಕ ಇನ್ನಾ ಚೆಂಡುಹೂ ಜೋತು ಬಿದ್ದಾವ,
ನೆಲದಾಗ ಅಕ್ಕಿಕಾಳು.
ಮದುಮಗ ಕೂಡೋ ಜಾಗಾದಾಗ ಇವತ್ತ ಬೆಂಚ್ ಹಾಕ್ಯಾರ,
ಬೆಂಚಿನ ನೆತ್ತಿಮ್ಯಾಲ ಕಬ್ಬಿಣದ ಸರಳು.

ಮೊದಲು ತೂಕ.
ಇಪ್ಪತ್ತಾರು ವರ್ಷ ಗಂಜಿನಾಗ ತೊಗರಿ ಹೊತ್ತು
ಕಾಟಾದ ಮ್ಯಾಲ ಇಟ್ಟಾಂವ ನಾ.
ಇವತ್ತ ನಾನೇ ಹತ್ತಿ ನಿಂತೆ, ಬರೇ ಚಡ್ಡಿಮ್ಯಾಲ.
ಎಪ್ಪತ್ಮೂರು ಕಿಲೋ ನಾನೂರು.
ಮಣ್ಣದ, ಕಸ ಅದ, ಹಸಿ ಅದ ಅಂತ ಹೇಳಿ
ಒಂದು ಗ್ರಾಮೂ ಯಾರೂ ಕಡೀಲಿಲ್ಲ.

ಸಿಂಗ್ಲೆಟ್ ಮಶಾಕನ ಮಗಂದು. ಎಳದೆಳದು ಹಾಕ್ಕೊಂಡೆ.
ಕಲಾವತಿ ಬಾಗಲದಾಗ ನಿಂತಾಕಿ ಸೆರಗು ಬಾಯಿಗಿಟ್ಟು ನಕ್ಕಳು:
"ಉಳ್ಳಾಗಡ್ಡಿ ಚೀಲದಂಗ ಕಾಣ್ತಿ."
ನಗಲಿ. ನಲವತ್ತೇಳಕ್ಕ ಹಮಾಲ ಒಬ್ಬ
ಮಾಸ್ಟರ್ಸ್ ಅಂತ ಕರೆಸಿಕೊಳ್ಳೋದು ನಗೋ ಮಾತೇ.

ಎತ್ತೋದು ನನಗ ಹೊಸಾದಲ್ಲ.
ಮಕ್ಕೊಂಡು ಎತ್ತೋದು ಹೊಸಾದು.
ಬೆನ್ನು ನೆಲಕ್ಕ ಹತ್ತಿತಂದ್ರ ನನ್ನ ದಿನ ಮುಗಿದಂಗ;
ಇಲ್ಲಿ ಬೆನ್ನು ಹತ್ತಿದ ಮ್ಯಾಲೇ ಸುರು.
ಆರು ತಿಂಗಳು, ಮಶಾಕನ ಪಂಕ್ಚರ್ ಅಂಗಡಿ ಹಿಂದ,
ಶಹಾಬಾದ ಫರಸಿಯೊಂದು ಬೆಂಚಾಗಿ,
ಟ್ರ್ಯಾಕ್ಟರಿನ ಹಳೇ ಫ್ಲೈವೀಲು ಪೈಪಿಗೆ ಸಿಕ್ಕಿಸಿ ಕಲ್ತೀನಿ.
ಅಲ್ಲಿ ಯಾರೂ ದೀಪ ಹಚ್ಚಿದ್ದಿಲ್ಲ.

ಮೈಕಿನಾಗ ಕೂಗಿದ್ರು: "ಮೈಲಾರಿ ಹಳ್ಳಿಖೇಡ."
ಅಪ್ಪ ಸತ್ತ ಮ್ಯಾಲ ನನ್ನ ಹೆಸರು ಯಾರೂ
ಹಿಂಗ ಇಡಿಯಾಗಿ ಕರೆದಿದ್ದಿಲ್ಲ.
ತೊಂಬತ್ತು ಕಿಲೋ.
ಇಳಿಸಿದೆ, ಎದಿಗೆ ಬಡಿಸಿ ಒಗೆದೆ ಮ್ಯಾಲಕ,
ಲಾರಿಗೆ ಚೀಲ ಒಗಿದಂಗ.
ಮಂದಿ ಚಪ್ಪಾಳಿ ಹೊಡೀತು.
ಮೂರು ದೀಪ. ಮೂರೂ ಕೆಂಪು.

ಯಾಕ್ರಿ?
ಕುರ್ಚಿಮ್ಯಾಲಿನ ಸಣಕಲು ಮನಿಶ್ಯಾ
ಪಾನ ಅಗಿಯೋದು ನಿಲ್ಲಿಸಿ ಅಂದ:
"ಎದಿಮ್ಯಾಲ ನಿಲ್ಲಿಸಬೇಕು. ನಾ ಪ್ರೆಸ್ ಅನ್ನೋತನಕ."

ನಿಲ್ಲಿಸೋದು!
ನಿಂತ್ರ ಹಿಂದಿನಾಂವ ಬೈತಾನ,
ನಿಂತ್ರ ಮುಂದಿನ ಚೀಲ ತಪ್ಪತದ.
ನಿಲ್ಲೋದು ಎಂಥಾ ಕೆಲಸಂತ ಯಾರು ಕಲಿಸ್ಯಾರ ನನಗ?

ಎರಡನೇ ಸಲ. ಅದೇ ತೊಂಬತ್ತು.
ತಲಿ ಹಿಂದ ಮಶಾಕ, ಸರಳಿನ ಕೆಳಗ ಎರಡೂ ಅಂಗೈ ಒಡ್ಡಿ,
ಮುಟ್ಟಲಾರದಂಗ. ಮುಟ್ಟಿದ್ರ ಎತ್ತಿದ್ದು ಹೋಯ್ತು,
ಮುಟ್ಟದಿದ್ರ ಒಮ್ಮೊಮ್ಮೆ ಎಲುಬು ಹೋಗತಾವ.
ಇಳಿಸಿದೆ.
ನಿಲ್ಲಿಸಿದೆ.

ಅಷ್ಟು ಸಣ್ಣ ಹೊತ್ತಿನಾಗ
ಎಷ್ಟು ಜಾಗಾ ಅದ ಅಂತ ಗೊತ್ತಿದ್ದಿಲ್ಲ.
ಫ್ಯಾನಿನ ಒಂದು ರೆಕ್ಕಿ ಬಂತು, ಹೋಯ್ತು.
ಕಬ್ಬಿಣ ತಂಪಿತ್ತು. ಅದರ ಕೆಳಗ ಎದಿ ಬಡಿಯೋದು
ನನಗಿಂತ ಮೊದಲು ಅದಕ್ಕ ಕೇಳಸ್ತಿತ್ತು.
ಎಷ್ಟು ಭಾರ ಹೊತ್ತೀನಿ, ಒಂದರ ಜೋಡೀನೂ
ಹಿಂಗ ಮಾರಿಗೆ ಮಾರಿ ಇದ್ದಿದ್ದಿಲ್ಲ.
ಎಲ್ಲಾ ಬೆನ್ನಿಗೇ ಇದ್ದವು, ಎಲ್ಲಾ ಎಲ್ಲಿಗರ ಹೊಂಟಿದ್ದವು,
ಮಿಲ್ಲಿಗೆ, ಗೋದಾಮಿಗೆ, ಸೊಲ್ಲಾಪುರಕ್ಕ.
ಇದು ಎಲ್ಲಿಗೂ ಹೊಂಟಿಲ್ಲ.
ಯಾರ ಮಾಲೂ ಅಲ್ಲ.

"ಪ್ರೆಸ್."

ಬಿಳಿ. ಕೆಂಪು. ಬಿಳಿ.

ಮೂರನೇದ್ದು ತೊಂಬತ್ತೇಳೂವರೆ, ಅರ್ಧಕ್ಕ ನಡುಗಿ ನಿಂತು
ಕೆಳಗ ಹೊಳ್ಳಿತು. ಮಶಾಕ ಹಿಡಿದ.
ಮೂರು ಮಂದ್ಯಾಗ ಮೂರನೇ ನಂಬರು.
ಕಂಚಿನ ಪದಕ ಕಲಾವತಿ ಉಗುರಿಲೆ ಕೆರೆದು ನೋಡಿ
"ತವರ ಅದ" ಅಂದಳು. ಇದ್ದೀತು.
ಆದ್ರೂ ದೇವರ ಗೂಡಿನಾಗ, ರೇಶನ್ ಕಾರ್ಡಿನ ಮ್ಯಾಲ ಇಟ್ಟಳು.

ಸೋಮವಾರ ಗಂಜು. ಹೊಸ ತೊಗರಿ ಬಂದದ, ಧೂಳು ಹಲ್ಲಿನಾಗ.
ಮೊದಲ್ನೇ ಚೀಲ ಬೆನ್ನಿಗೇರಿತು.
ನಾ ನಿಂತೆ.
ಹಿಂದ ಸಾಲೆಲ್ಲಾ ನಿಂತಿತು.
"ಏನಾಯ್ತಲೇ ಮೈಲಾರಿ, ನಡಾ ಹಿಡೀತೇನು?"
ಮುನೀಮ ಗಾದಿಮ್ಯಾಲಿಂದ ಕೂಗಿದ.

ಏನಿಲ್ರಿ.
ಪ್ರೆಸ್ ಅನ್ರಿ.