ಹಳೇ ನೀರು

ನಮ್ಮ ಓಣಿಗೆ ನೀರು ಬರೋದು ಹನ್ನೊಂದು ದಿನಕ್ಕೊಮ್ಮೆ,
ಅದೂ ನಡುರಾತ್ರಿ, ದಾವಲಸಾಬನ ಸೈಕಲ್ಲು
ಬೆಟಗೇರಿಯ ಮಗ್ಗದ ಮನೆಗಳನ್ನು ದಾಟಿ ಕಿರುಗುಟ್ಟಿದ ಮೇಲೆ.
ಹೆಗಲ ಮೇಲೆ ಆಳುದ್ದ ಕಬ್ಬಿಣದ ಕೀಲಿ.
ಕುಣಿಯೊಳಗೆ ಇಳಿಸಿ ಎಂಟು ಸುತ್ತು ತಿರುವಿದನೆಂದರೆ
ಅರವತ್ತು ಮನೆಯ ನಿದ್ದೆ ಒಮ್ಮೆಲೇ ಮುರಿಯುತ್ತದೆ.

ಮೊದಲು ಗಾಳಿ. ನಳ ಕೆಮ್ಮುತ್ತದೆ.
ಆಮೇಲೆ ಕೆಂಪಗೊಂದು ಸೀನು.
ಆಮೇಲೆ ಹೊಳಿ.

ಆಗಲೇ ಶುರು ಇನ್ನೊಂದು ಸಪ್ಪಳ:
ಡ್ರಮ್ಮು ಬಗ್ಗಿಸುವ, ಹಂಡೆ ಬೋರಲು ಹಾಕುವ,
ಹನ್ನೊಂದು ದಿನ ಮುಚ್ಚಿ ಕಾಪಾಡಿದ ನೀರನ್ನು
ಗಟಾರಕ್ಕೆ ಸುರಿಯುವ ಸಪ್ಪಳ.
ಹಳೇ ನೀರು ಅಂತಾರೆ, ಬೂಸಲು ಹಿಡಿದ ರೊಟ್ಟಿಯ ಹಾಗೆ.
ನಿನ್ನೆ ಸಂಜೆ ಕಳಕಪ್ಪನ ಟ್ಯಾಂಕರಿಗೆ
ಕೊಡಕ್ಕೆ ಐದು ರೂಪಾಯಿ ಎಣಿಸಿದ್ದೆವು, ಚೌಕಾಶಿ ಇಲ್ಲದೆ.
ಈಗ, ಎರಡೂಕಾಲಕ್ಕೆ, ಅದರ ಬೆಲೆ ಸೊನ್ನೆ.
ನಡುವೆ ಆದದ್ದಿಷ್ಟೇ,
ಎಂಟು ಸುತ್ತು ಕಬ್ಬಿಣ.

ನಾನು ನೇಕಾರರ ಸೊಸೈಟಿಯಲ್ಲಿ ಕಾರಕೂನ.
ನೂಲಿನ ತೂಕ, ಸೀರೆಯ ಕೂಲಿ, ಜಮಾ, ಬಾಕಿ.
ಒಂದೇ ರಾತ್ರಿಯಲ್ಲಿ ಹೀಗೆ ಸತ್ತುಬೀಳುವ ಸರಕನ್ನು
ಮೂವತ್ತು ವರ್ಷದ ಕಿರ್ದಿಯಲ್ಲಿ ಕಂಡಿಲ್ಲ.

ಓಣಿಯ ತುದಿಯಲ್ಲಿ ಬಣ್ಣದ ಶಂಕ್ರವ್ವ.
ಮನೆತನದ ಹೆಸರೂ ಅದೇ, ಕಸುಬೂ ಅದೇ,
ಮೊಣಕೈತನಕ ಕುಂಕುಮದ ಕೆಂಪು.
ನೂಲು ಕುದಿಸಿ ಮೂರು ಸಲ ತೊಳೆಯಬೇಕು ಆಕೆ.
ಒಂದು ರಾತ್ರಿ ಬೀದಿಗೆ ಬಂದು ನಿಂತಳು:
"ಚೆಲ್ಲಬ್ಯಾಡ್ರೆವಾ, ನನಗ ಹಾಕ್ರಿ.
ನೂಲಿಗೇನು ಗೊತ್ತು ನೀರಿನ ವಯಸ್ಸು?"

ಎಲ್ಲರೂ ಹೂಂ ಅಂದರು. ಯಾರೂ ಹೊರಲಿಲ್ಲ.
ಗಟಾರ ಬಾಗಿಲಲ್ಲಿತ್ತು, ಅವಳ ಮನೆ ದೂರಿತ್ತು.

ಮುಂದಿನ ಸಲ ಆಕೆ ಅಂದದ್ದು ಒಂದೇ ಮಾತು,
ಕೊಡಕ್ಕೆ ಒಂದು ರೂಪಾಯಿ.
ತಿಂಗಳೊಳಗೆ ಗಟಾರ ಒಣಗಿತು.
ಹುಡುಗರು ದಾವಲಸಾಬನಿಗಿಂತ ಮೊದಲೇ ಎದ್ದರು.
ನಾನು ಹೊಸ ಪುಸ್ತಕಕ್ಕೆ ಅರಿಶಿಣ ಹಚ್ಚಿ
ಮೊದಲ ಪುಟದಲ್ಲಿ ಬರೆದೆ: ಹಳೇ ನೀರು, ಖರೀದಿ.
ಹೆಮ್ಮೆ ಅನಿಸಿತ್ತು, ಸುಳ್ಳು ಯಾಕೆ.

ಮೂರನೇ ತಿಂಗಳು ನಿಂಬವ್ವ,
ನದಾಫರ ಬಾಣಂತಿಗೆ ದಿನಾ ಎರಡು ಕೊಡ ಸುಮ್ಮನೇ ಕೊಡುತ್ತಿದ್ದವಳು,
"ಇಲ್ಲವಾ, ಅದನ್ನ ಶಂಕ್ರವ್ವಗ ಹೇಳೀನಿ" ಅಂದಳು.
ಆ ಎರಡು ಕೊಡ ನನ್ನ ಪುಸ್ತಕಕ್ಕೆ
ಜಮಾ ಆಗಿ ಬಂದವು. ಕೂಡಿಸಿದೆ. ಸರಿಹೋಯಿತು.

ಇನ್ನು ಕೆಲವರು ಜಾಣರು.
ನಳದ ಪಟ್ಟಿ ತಿಂಗಳಿಗೆ ಇಂತಿಷ್ಟೇ, ಎಷ್ಟು ಹಿಡಿದರೂ ಅಷ್ಟೇ.
ಹೊಸ ನೀರನ್ನೇ ತುಂಬಿ ಹಳೇದು ಅಂತ ಮಾರಿದರು.
ಶಂಕ್ರವ್ವ ಬೊಗಸೆಯೆತ್ತಿ ಮೂಸಿದಳು:
"ಇದಕ್ಕಿನ್ನೂ ಪೌಡರಿನ ವಾಸನಿ ಐತಿ.
ಹಳೇದಕ್ಕ ವಾಸನಿ ಎಲ್ಲಿರ್ತೈತಿ, ಹಾರಿ ಹೋಗಿರ್ತೈತಿ."
ಬೈಯಲಿಲ್ಲ. ಕೊಡ ತಿರುಗಿ ಕೊಟ್ಟಳು.
ಹೊಲಬು ಹಿಡಿದವಳ ಹಾಗೆ ನನ್ನ ಕಡೆ ತಿರುಗಿ,
"ಮೊದಲ ಎರಡು ಕೊಡ ಬಾಣಂತಿಗೆ. ಅದಕ್ಕ ರೊಕ್ಕ ನಂದು.
ಬರಿ."
ಬರೆದೆ.

ಮಧ್ಯಾಹ್ನ ಒಲೆ ಆರಿಸಿ
ಮೂರನೇ ತೊಳೆಯ ನೀರು ಚೆಲ್ಲಿದಳು.
ನಾವು ಒಣಗಿಸಿದ್ದೆವಲ್ಲ, ಅದೇ ಗಟಾರದಲ್ಲಿ
ಕೆಂಪು ನೀರು ಹರಿಯಿತು, ಹಳ್ಳದ ಕಡೆಗೆ,
ಹಳ್ಳದಾಚೆ ಬದನೆಯ ಮಡಿಗಳ ಕಡೆಗೆ.
ಇಬ್ಬರೂ ನೋಡುತ್ತ ನಿಂತೆವು.
"ಇದನ್ನ ನನ್ನ ಹೆಸರಿಗೆ ಖರ್ಚು ಹಾಕು" ಅಂದಳು.
ಹಾಕಬಹುದು.
"ಜಮಾ ಯಾರಿಗೆ ಬರೀತಿ?"

ಪೆನ್ನಿನ ಮಸಿ ಒಣಗುವವರೆಗೂ ಹಿಡಿದಿದ್ದೆ.
ಬಲಗಡೆಯ ಅಂಕಣ ಇವತ್ತಿಗೂ ಖಾಲಿ ಇದೆ.
ನಾಳೆ ರಾತ್ರಿ ನೀರಿನ ಪಾಳಿ.